ಹಂಪವ್ವನ ಹೆಸರಿನ ಕಾರ್ಡು

ಕೊಪ್ಪಳ ಬೇರೆ ಜಿಲ್ಲೆಯಾದ ಮರುವರ್ಷ ನಮ್ಮೂರಿಗೆ ಫೋಟೊ ತೆಗೆಯುವವರು ಬಂದರು. ಇನ್ನು ಮುಂದೆ ಮತ ಹಾಕಬೇಕಾದರೆ ಮುಖದ ಫೋಟೊ ಇರುವ ಕಾರ್ಡು ತೋರಿಸಬೇಕು ಎಂದು ಹಿಂದಿನ ದಿನವೇ ಡಂಗುರ ಸಾರಿಸಿದ್ದರು. ಯಲಬುರ್ಗಾ ಸೀಮೆಯ ಮಂಗಳೂರಿನಿಂದ ಮೂರು ಮೈಲಿ ಒಳಗೆ ನಮ್ಮೂರು. ಕ್ಯಾಮೆರಾದವನು ಎಲ್ಲಿಂದಲೋ ಬಂದ ಹುಡುಗ. ಮಂಗಳೂರು ಅಂದಕೂಡಲೇ ಸಮುದ್ರ ಇರುತ್ತದೆ ಅಂದುಕೊಂಡು ಹೊರಟಿದ್ದನಂತೆ.

"ಸಮುದ್ರ ಇಲ್ಲಪಾ. ಕೆರಿ ಐತಿ, ನೀರಿಲ್ಲ. ನೋಡಿ ಬರ್ತೀಯೇನು?" ಎಂದು ಸಾಲಿನಲ್ಲಿ ನಿಂತಿದ್ದ ಫಾತಿಮಾಬೀ ಕೇಳಿದಳು. ಫೋಟೊ ತೆಗೆಯುತ್ತಿದ್ದ ಶಾಲೆಯ ಅಂಗಳದ ತುಂಬ ನಗು.

ನಾನು ಊರಿನ ರೇಷನ್ ಅಂಗಡಿಯವನು. ಹೆಸರು ವಿರೂಪಾಕ್ಷಪ್ಪ. ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ಯಾರ ಮನೆಯಲ್ಲಿ ಎಷ್ಟು ಜನ, ಯಾರು ಬಾಣಂತಿತನಕ್ಕೆ ತವರಿಗೆ ಹೋಗಿದ್ದಾರೆ, ಯಾರು ಗೋವಾಕ್ಕೆ ದುಡಿಯಲು ಹೋಗಿದ್ದಾರೆ ಎಲ್ಲ ನನಗೆ ಬಾಯಿಪಾಠ. ಅದಕ್ಕೇ ಫೋಟೊದವರು ಮತದಾರರ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, ಓಣಿ ಓಣಿಯವರನ್ನು ಕರೆದುಕೊಂಡು ಬನ್ನಿ ಎಂದಿದ್ದರು. ನನಗೂ ಅದು ಬೇಕಾಗಿತ್ತು. ಊರಿನ ರಾಜಕೀಯ ನನ್ನ ಅಣ್ಣನದು, ಅದರ ಲೆಕ್ಕಾಚಾರ ನನ್ನದು. ಫೋಟೊಗೆ ಬಾರದವರ ಹೆಸರನ್ನು ಮುಂದೆ ಹೊಡೆದುಹಾಕುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ನಮ್ಮ ಕಡೆಯ ಒಂದು ಹೆಸರೂ ಹೋಗಬಾರದು ಎಂದು ಎರಡು ದಿನ ಚಪ್ಪಲಿ ಸವೆಯುವಂತೆ ತಿರುಗಿದೆ.

ನನ್ನ ಮನೆಗೆ ಮೂರು ಮನೆ ಆಚೆ ಹೊನ್ನೂರಪ್ಪನ ಮನೆ. ಪಟ್ಟಿಯಲ್ಲಿ ಅವನ ಹೆಸರಿತ್ತು, ಅವನ ತಾಯಿ ಪಕ್ಕೀರವ್ವನ ಹೆಸರಿತ್ತು, ಹೆಂಡತಿ ಹಂಪವ್ವನ ಹೆಸರಿತ್ತು. ಹಂಪವ್ವ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಹೆರಿಗೆಯಲ್ಲಿ ಹೋದಳು. ಬೀಗತನ ಕಡಿಯಬಾರದೆಂದು ಅವಳ ತಂಗಿ ಯಂಕವ್ವನನ್ನೇ ಮತ್ತೆ ಅದೇ ಮನೆಗೆ ಕೊಟ್ಟಿದ್ದರು. ನಮ್ಮ ಕಡೆ ಇದು ಹೊಸತಲ್ಲ. ತಾಳಿ ಕಟ್ಟುವ ದಿನ ಅದರ ಜೊತೆಗೆ ಸತ್ತವಳ ಹೆಸರಿನ ಒಂದು ಸಣ್ಣ ಪದಕವನ್ನೂ ಕೊರಳಿಗೆ ಹಾಕುತ್ತಾರೆ. ಸತ್ತವಳು ಸಿಟ್ಟಾಗಬಾರದು, ತಾನು ಅವಳ ಜಾಗಕ್ಕೆ ಬಂದವಳು ಎಂದು ಬಂದವಳಿಗೂ ಗೊತ್ತಿರಲಿ ಎಂದು. ಪಕ್ಕೀರವ್ವನಿಗಂತೂ ಇಬ್ಬರ ನಡುವೆ ವ್ಯತ್ಯಾಸವೇ ಇರಲಿಲ್ಲ. ಚಿಕ್ಕವಳನ್ನೂ "ಹಂಪೀ" ಎಂದೇ ಕೂಗುತ್ತಿದ್ದಳು. ಯಂಕವ್ವ ಓ ಎನ್ನುತ್ತಿದ್ದಳು.

ನಾನು ಹೋದಾಗ ಯಂಕವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಸೇರಿಸಬೇಕೆಂದರೆ ಅರ್ಜಿ, ತಾಲೂಕಿಗೆ ಓಡಾಟ, ಆರು ತಿಂಗಳು ಕಾಯುವುದು. ಫೋಟೊದವರು ಮರುದಿನ ಮಧ್ಯಾಹ್ನ ಪೆಟ್ಟಿಗೆ ಕಟ್ಟುವವರಿದ್ದರು.

"ಯಂಕವ್ವಾ, ಕೈ ತೊಳ್ಕೊಂಡು ಸಾಲಿ ಕಡೆ ಬಾ. ಹೆಸರು ಕೇಳಿದ್ರ ಹಂಪವ್ವ ಅನ್ನು," ಎಂದೆ.

ಅವಳು ಹಿಟ್ಟಿನ ಕೈಯಲ್ಲೇ ತಲೆಯೆತ್ತಿ ನೋಡಿದಳು. "ಅಣ್ಣಾರ, ಅದು ಅಕ್ಕನ ಹೆಸ್ರಲ್ರಿ?"

"ಹೌದು. ಈಗ ಆಕಿ ಜಾಗಾದಾಗ ನೀ ಅದಿ. ಆಮ್ಯಾಲ ನಾ ಸರಿ ಮಾಡಿಸ್ತೀನಿ."

"ಹೋಗವಾ, ಸಾವ್ಕಾರ್ರು ಹೇಳ್ತಾರ," ಎಂದು ಕಟ್ಟೆಯ ಮೇಲಿಂದ ಪಕ್ಕೀರವ್ವ ಅಂದಳು. "ಹಂಪಿ ಹೋದ್ಳು, ಹಂಪಿ ಬಂದ್ಳು."

ಯಂಕವ್ವ ಹೋಗಿ ಕುಳಿತಳು. ಕ್ಯಾಮೆರಾದ ಹುಡುಗ ಸೆರಗು ಹಿಂದೆ ಸರಿಸು ಅಂದ, ಸರಿಸಿದಳು. ಕೈಗೆ ನಂಬರು ಬರೆದ ಪಾಟಿ ಕೊಟ್ಟ, ಎದೆಗೆ ಒತ್ತಿ ಹಿಡಿದಳು. ಹೆಸರೇನು ಎಂದು ಬರೆಯುವವನು ಕೇಳಿದ. ಅವಳು ನನ್ನತ್ತ ನೋಡಿದಳು. ನಾನು ತಲೆಯಾಡಿಸಿದೆ. "ಹಂಪವ್ವ," ಅಂದಳು.

ಆರು ತಿಂಗಳಿಗೆ ಕಾರ್ಡು ಬಂತು. ಯಂಕವ್ವನ ಮುಖ, ಹಂಪವ್ವನ ಹೆಸರು, ಹಂಪವ್ವನ ವಯಸ್ಸು. "ಏಳು ವರ್ಷ ಮುದುಕಿ ಮಾಡ್ಯಾರ ನೋಡ್ರಿ ಅಣ್ಣಾರ," ಎಂದು ನಕ್ಕಳು. ನಾನೂ ನಕ್ಕೆ. ಅದೇ ಕಾರ್ಡು ನೋಡಿ ಮುಂದೆ ರೇಷನ್ ಕಾರ್ಡಿಗೂ ಹಂಪವ್ವ ಎಂದೇ ಬರೆದೆ. ಸರಿ ಮಾಡಿಸುತ್ತೇನೆ ಅಂದಿದ್ದು ಹಾಗೇ ಉಳಿಯಿತು. ಮರೆತೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಪ್ರತಿ ಚುನಾವಣೆಗೆ ಚೀಟಿ ಬರೆಯುವಾಗ ಆ ಹೆಸರು ಕಣ್ಣಿಗೆ ಬೀಳುತ್ತಿತ್ತು. ಮತ ಬೀಳುತ್ತಿದೆಯಲ್ಲ, ಅವಸರವೇನು ಎಂದುಕೊಂಡು ಮುಂದಿನ ಹೆಸರಿಗೆ ಹೋಗುತ್ತಿದ್ದೆ. ಇಂಥ ಕಾರ್ಡುಗಳನ್ನು ನಾನು ಆ ಎರಡು ದಿನದಲ್ಲಿ ಒಟ್ಟು ಹನ್ನೊಂದು ಮಾಡಿಸಿದ್ದೆ.

ಹನ್ನೆರಡು ವರ್ಷ ಹೀಗೇ ನಡೆಯಿತು. ಪಕ್ಕೀರವ್ವ ಹೋದಳು. ಹೊನ್ನೂರಪ್ಪನ ಕಣ್ಣು ಮಂಜಾಯಿತು. ಯಂಕವ್ವ ಹೊಲ, ಎಮ್ಮೆ, ಮನೆ ಎಲ್ಲ ಒಬ್ಬಳೇ ತೂಗಿಸಿದಳು. ಬೇಸಿಗೆಯಲ್ಲಿ ದಿನಾ ನನ್ನ ಅಂಗಡಿಗೆ ಒಂದು ತಂಬಿಗೆ ಮಜ್ಜಿಗೆ ಬರುತ್ತಿತ್ತು. ಊರೆಲ್ಲ ನನ್ನನ್ನು ಸಾವ್ಕಾರ್ರ ಎನ್ನುತ್ತಿತ್ತು, ಅವಳೊಬ್ಬಳು ಅಣ್ಣಾರ ಎನ್ನುತ್ತಿದ್ದಳು.

ಎರಡು ಸಾವಿರದ ಹತ್ತರಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಬಂತು. ನಮ್ಮ ವಾರ್ಡಿಗೆ ನನ್ನ ಅಣ್ಣನ ಮಗ ಗುರುಬಸವ ನಿಂತ. ನಾನು ಅವನ ಏಜೆಂಟಾಗಿ ಮತಗಟ್ಟೆಯೊಳಗೆ ಕುಳಿತೆ. ಎದುರು ಪಕ್ಷದ ಏಜೆಂಟು ಗಾಳೇಶ. ಮೂವತ್ತರ ಹುಡುಗ, ಟ್ರ್ಯಾಕ್ಟರ್ ಹೊಡೆಯುತ್ತಿದ್ದ, ಮಾತು ಚುರುಕು.

ನಮ್ಮೂರಲ್ಲಿ ಏಜೆಂಟರ ನಡುವೆ ಒಂದು ಒಪ್ಪಂದವಿತ್ತು. ಮತದಾನದ ಹಿಂದಿನ ದಿನ ಸಂಜೆ ಎರಡೂ ಕಡೆಯವರು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಚಹಾ ಕುಡಿಯುತ್ತಿದ್ದೆವು. ಸತ್ತವರ ಹೆಸರಿನಲ್ಲಿ ಯಾರು ಬರುತ್ತಾರೆ, ಊರು ಬಿಟ್ಟವರ ಹೆಸರಿನಲ್ಲಿ ಯಾರು ಬರುತ್ತಾರೆ ಎಂದು ಬಾಯಿಲೆಕ್ಕ ಆಗುತ್ತಿತ್ತು. ನಿಮ್ಮವರ ತಂಟೆಗೆ ನಾವಿಲ್ಲ, ನಮ್ಮವರ ತಂಟೆಗೆ ನೀವು ಬರಬೇಡಿ. ಆ ಸಲವೂ ಹಾಗೇ ಆಯಿತು.

"ನಿಮ್ಮ ಸತ್ತವರು ಎಷ್ಟು ಮಂದಿ ಎದ್ದು ಬರ್ತಾರ್ರಿ ಸಾವ್ಕಾರ್ರ?" ಎಂದು ಗಾಳೇಶ ಕೇಳಿದ.

"ಆರು ಮಂದಿ. ನಿಮ್ಮವ್ರು?"

"ನಮ್ಮವ್ರು ಸತ್ತವರು ಕಡಿಮಿ. ಗೋವಾದಿಂದ ಭಾಳ ಮಂದಿ ಬರಾಕತ್ಯಾರ," ಎಂದು ಕಣ್ಣು ಹೊಡೆದ.

ಕೈಕೈ ತಟ್ಟಿ ಎದ್ದೆವು. ಆದರೆ ಬೆಳಿಗ್ಗೆ ಮತದಾನ ಶುರುವಾದ ಮೇಲೆ ಗುರುಬಸವ ಸಾಲಿಯ ಕಿಟಕಿಗೆ ಬಂದು, "ಕಾಕಾ, ಮ್ಯಾಲಿನ ಓಣಿ ಪೂರಾ ಕೈಕೊಟ್ಟೈತಿ. ನಾಕೈದು ಓಟಿನ್ಯಾಗ ಹೋಗ್ತೈತಿ ನೋಡು," ಎಂದು ಮುಖ ಸಣ್ಣ ಮಾಡಿಕೊಂಡ. ಅವನು ಆ ಕಡೆ ಹೋಗುತ್ತಲೇ ಗಾಳೇಶನ ಕಡೆಯ ಒಬ್ಬ, ಗೋವಾದಲ್ಲಿರುವ ತನ್ನಣ್ಣನ ಕಾರ್ಡು ಹಿಡಿದು ಒಳಗೆ ಬಂದ. ಅಣ್ಣತಮ್ಮಂದಿರ ಮುಖ ಒಂದೇ ತರಹ. ಸುಮ್ಮನಿದ್ದರೆ ಹೋಗಿಬಿಡುತ್ತಿತ್ತು. ನಾನು ಎದ್ದು ನಿಂತೆ. "ಮೇಡಂ, ಇಂವ ಆ ಮನಶ್ಯಾ ಅಲ್ರಿ. ಇಂವನ ಎಡಗೈಗೆ ಆರು ಬೆರಳ ಅದಾವು, ಅಣ್ಣಗ ಇಲ್ಲ. ಊರೆಲ್ಲಾ ಗೊತ್ತೈತಿ," ಎಂದೆ.

ಮತಗಟ್ಟೆಯ ಅಧಿಕಾರಿ ಮಲ್ಲೇಶ್ವರಿ ಎಂಬ ಹೈಸ್ಕೂಲ್ ಟೀಚರು. ಕಟ್ಟುನಿಟ್ಟಿನವರು. ನಾನು ತಕರಾರಿಗೆ ಕಟ್ಟಬೇಕಾದ ಚಿಲ್ಲರೆ ರೊಕ್ಕ ಮೇಜಿನ ಮೇಲಿಟ್ಟೆ. ಅವರು ಅವನಿಗೆ ಎರಡು ಪ್ರಶ್ನೆ ಕೇಳುವಷ್ಟರಲ್ಲಿ ಅವನು ಕಾರ್ಡು ಕಿತ್ತುಕೊಂಡು ಹೊರಗೆ ಓಡಿದ. ನಾನು ಮೀಸೆಯೊಳಗೇ ನಕ್ಕು ಕುಳಿತೆ.

ಗಾಳೇಶ ನನ್ನತ್ತ ಬಗ್ಗಿ, "ಹಿಂಗೇನ್ರಿ ಸಾವ್ಕಾರ್ರ? ನಿನ್ನಿ ಕೊಟ್ಟ ಮಾತು?" ಅಂದ.

"ಚಹಾ ಕುಡದಾಗಿನ ಮಾತು ಚಹಾ ಇಳದ ಮ್ಯಾಲ ಯಾಕ?" ಅಂದೆ.

"ಆತು ಬಿಡ್ರಿ," ಅಂದ.

ಸುಮಾರು ಹತ್ತು ಗಂಟೆಗೆ ಯಂಕವ್ವ ಬಂದಳು. ಜಾತ್ರೆಗೆ ಉಡುವ ಇಳಕಲ್ ಸೀರೆ ಉಟ್ಟಿದ್ದಳು, ತಲೆಯ ಮೇಲೆ ಸೆರಗು. ಬಂದವಳೇ ನನ್ನನ್ನು ನೋಡಿ ಸಣ್ಣಗೆ ನಕ್ಕು, ಕಾರ್ಡು ಮತ್ತು ನಾನೇ ಬರೆದುಕೊಟ್ಟ ಚೀಟಿ ಮೇಜಿನ ಮೇಲಿಟ್ಟಳು. ಬರೆಯುವವರು "ಹಂಪವ್ವ, ಗಂಡ ಹೊನ್ನೂರಪ್ಪ" ಎಂದು ಗಟ್ಟಿಯಾಗಿ ಓದಿದರು. ಬೆರಳಿಗೆ ಶಾಯಿ ಹಚ್ಚುವವನು ಕಡ್ಡಿ ಎತ್ತಿದ್ದ.

"ತಡೀರಿ. ತಕರಾರು ಐತಿ," ಎಂದು ಗಾಳೇಶ ಎದ್ದ.

ಮಲ್ಲೇಶ್ವರಿ ಮೇಡಂ ಕಾರ್ಡು ತೆಗೆದುಕೊಂಡು ನೋಡಿದರು, ಅವಳ ಮುಖ ನೋಡಿದರು. "ಫೋಟೊ ಇವರದ ಐತಲ್ರಿ. ಏನು ತಕರಾರು?"

"ಫೋಟೊ ಆಕಿದ ರೀ. ಹೆಸರು ಆಕಿದಲ್ಲ. ಹಂಪವ್ವ ಸತ್ತು ಹದಿನಾರು ವರ್ಷ ಆತು. ಆಕಿನ್ನ ಹೂಳುವಾಗ ನಾ ಸಾಲಿ ಹುಡುಗ, ಕುಣಿಗೆ ಮಣ್ಣ ಹಾಕೀನಿ."

ಬಾಗಿಲಲ್ಲಿ ಸಾಲು ನಿಂತವರು ಕತ್ತು ಚಾಚಿದರು. ಯಂಕವ್ವ ಸೆರಗಿನ ತುದಿ ಹಿಡಿದು ನಿಂತುಬಿಟ್ಟಳು. ಅವಳು ಗಾಳೇಶನತ್ತ ನೋಡಲಿಲ್ಲ, ಮೇಡಂ ಅವರತ್ತಲೂ ನೋಡಲಿಲ್ಲ. ಫೋಟೊ ತೆಗೆಸಿದ ದಿನ ನೋಡಿದ ಹಾಗೆಯೇ ನನ್ನತ್ತ ನೋಡಿದಳು. ನಾನು ಏನಾದರೂ ಹೇಳಿ ದಾಟಿಸುತ್ತೇನೆ ಎಂಬ ಭರವಸೆ ಆ ನೋಟದಲ್ಲಿತ್ತು.

ಮೇಡಂ ನನ್ನ ಕಡೆ ತಿರುಗಿದರು. "ನೀವು ಇದೇ ವಾರ್ಡಿನವರಲ್ರಿ? ಹಿರಿಯರಿದ್ದೀರಿ. ಈ ಹೆಣ್ಣುಮಗಳು ಯಾರು? ನಿಮಗ ಗುರ್ತು ಐತೇನು?"

ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಓಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಹಂಪವ್ವ ಅಂದರೆ ಸುಳ್ಳು ಸಾಕ್ಷಿ, ಗಾಳೇಶ ಊರವರನ್ನೇ ತಂದು ನಿಲ್ಲಿಸುತ್ತಾನೆ. ಯಂಕವ್ವ ಅಂದರೆ ಈ ಕಾರ್ಡು ಹೇಗೆ ಬಂತು ಎನ್ನುತ್ತಾರೆ. ಕಾರ್ಡಿನ ಮಾತು ಬಂದರೆ ರೇಷನ್ ಕಾರ್ಡಿನ ಮಾತೂ ಬರುತ್ತದೆ. ಒಂದು ಬಂದರೆ ಹನ್ನೊಂದೂ ಬರುತ್ತವೆ. ಅಂಗಡಿಯ ಲೈಸೆನ್ಸು ಹೋಗುತ್ತದೆ. ಇಷ್ಟೆಲ್ಲ ಯೋಚಿಸಲು ನನಗೆ ಒಂದು ಉಸಿರು ಸಾಕಾಯಿತು. ಅಂಥ ತಲೆ ನನ್ನದು. ಅದರಲ್ಲಿ ಯಂಕವ್ವನಿಗೆ ಏನಾಗುತ್ತದೆ ಎಂಬುದು ಮಾತ್ರ ಬರಲಿಲ್ಲ.

"ಅಷ್ಟ ಗುರ್ತಿಲ್ರಿ ಮೇಡಂ," ಎಂದೆ. "ಹೆಣ್ಮಕ್ಕಳು, ತಲಿ ಮ್ಯಾಲ ಸೆರಗು ಹೊತ್ತಿರ್ತಾರ. ನಾ ಯಾಕ ಮುಖ ನೋಡ್ಲಿ?"

ಸಾಲಿನಲ್ಲಿದ್ದ ಫಾತಿಮಾಬೀ, "ಯಾ ಅಲ್ಲಾ," ಅಂದದ್ದು ನನಗೆ ಕೇಳಿಸಿತು.

ಯಂಕವ್ವ ಕಣ್ಣು ಕೆಳಗೆ ಮಾಡಿದಳು. ಯಾರೂ ಕೇಳುವ ಮೊದಲೇ, ಸಮನಾದ ದನಿಯಲ್ಲಿ ಹೇಳಿದಳು: "ನನ್ನ ಹೆಸರು ಯಂಕವ್ವ ರೀ. ಹಂಪವ್ವ ನಮ್ಮಕ್ಕ. ಆಕಿ ಸತ್ತ ಮ್ಯಾಲ ನನ್ನ ಆ ಮನಿಗೆ ಕೊಟ್ಟಾರ. ನನ್ನ ಹೆಸರು ಎಲ್ಲೂ ಇಲ್ರಿ. ಅದಕ್ಕ ಇದರ ಮ್ಯಾಲ ಓಟು ಹಾಕ್ತಿದ್ದೆ."

"ಹಿಂಗ ಮಾಡು ಅಂತ ನಿಮಗ ಯಾರು ಹೇಳಿದ್ರು?" ಮೇಡಂ ಕೇಳಿದರು.

ನಾನು ಬರೆದುಕೊಟ್ಟ ಚೀಟಿ ಇನ್ನೂ ಮೇಜಿನ ಮೇಲೇ ಇತ್ತು.

"ಮನ್ಯಾಗ ನಮ್ಮತ್ತಿ ಹೇಳಿದ್ಲು ರೀ. ಈಗ ಆಕಿನೂ ಇಲ್ಲ," ಅಂದಳು.

ಮೇಡಂ ಕಾರ್ಡನ್ನು ತಮ್ಮ ಹತ್ತಿರ ಇಟ್ಟುಕೊಂಡರು. ಮತ ಹಾಕಲು ಬಿಡುವ ಹಾಗಿಲ್ಲ, ಮೇಲಿನವರ ಜೀಪು ಬಂದಾಗ ಪೊಲೀಸರಿಗೆ ಒಪ್ಪಿಸಬೇಕಾಗುತ್ತದೆ, ಅಲ್ಲಿಯವರೆಗೆ ಹೊರಗೆ ಕೂತಿರಬೇಕು ಎಂದರು. ಹೇಳುವಾಗ ಅವರ ದನಿಯಲ್ಲೂ ಸಂಕಟವಿತ್ತು. ಕಾನ್‌ಸ್ಟೇಬಲ್ ಅವಳನ್ನು ಸಾಲಿಯ ಪಡಸಾಲೆಯ ಕಂಬದ ಬಳಿ ಕೂರಿಸಿದ.

ನಾನು ಕುಳಿತ ಜಾಗದಿಂದ ಬಾಗಿಲಿನಾಚೆ ಅವಳ ಬೆನ್ನು ಕಾಣುತ್ತಿತ್ತು. ಮತ ಹಾಕಲು ಬಂದವರೆಲ್ಲ ಅವಳನ್ನು ದಾಟಿಯೇ ಬರಬೇಕು. ಕೆಲವರು "ಯಾಕವಾ, ಏನಾತು?" ಎಂದು ಕೇಳುತ್ತಿದ್ದರು. ಕೆಲವರು ಕೇಳದೆ ನೋಡುತ್ತ ಹೋಗುತ್ತಿದ್ದರು, ಅದು ಇನ್ನೂ ಕೆಟ್ಟದ್ದು. "ಕಳ್ಳ ಓಟಂತ," ಎಂದು ಯಾರೋ ಯಾರಿಗೋ ಹೇಳಿದರು. ಹೊನ್ನೂರಪ್ಪ ಕೋಲು ಹಿಡಿದು ಬಂದು ಅವಳ ಪಕ್ಕ ನೆಲಕ್ಕೆ ಕೂತ. ಅವನಿಗೆ ಮತ ಹಾಕಿ ಬಾ ಅಂದರು. "ನನ್ನ ಹೇಣ್ತಿ ಹಾಕಂಗಿಲ್ಲಂದ್ರ ನಾ ಯಾಕ ಹಾಕ್ಲಿ?" ಅಂದ. ಫಾತಿಮಾಬೀ ಮನೆಯಿಂದ ನೀರು ತಂದು ಕೊಟ್ಟಳು. ಒಳಗೆ ಇಣುಕಿ ನನ್ನನ್ನೊಮ್ಮೆ ನೋಡಿ, ಏನೂ ಅನ್ನದೆ ಹೋದಳು. ಬಾಯಿಬಡುಕಿ ಹೆಂಗಸು. ಎರಡು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮಧ್ಯಾಹ್ನದ ಊಟದ ಡಬ್ಬಿ ಗುರುಬಸವ ಕಳಿಸಿದ. ರೊಟ್ಟಿ, ಪುಂಡಿಪಲ್ಯ. ತುತ್ತು ಕೈಯಲ್ಲಿ ಹಿಡಿದುಕೊಂಡೇ ಇದ್ದೆ. ಎದ್ದು ಹತ್ತು ಹೆಜ್ಜೆ ಹೋಗಿ, ಮೇಡಂ, ಇದು ನಾನು ಮಾಡಿಸಿದ್ದು ಎಂದರೆ ಮುಗಿಯಿತು. ಮುಂದಿನ ಮತದಾರ ಹೋಗಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡೆ. ಆಮೇಲೆ ಇನ್ನೊಬ್ಬ ಬಂದ.

ಮೂರು ಗಂಟೆಯ ಹೊತ್ತಿಗೆ ಜೀಪು ಬಂತು. ಮೇಡಂ ಕಾಗದ ತೆಗೆದು ಪೆನ್ನು ಹಿಡಿದು ನಮ್ಮಿಬ್ಬರ ಕಡೆ ನೋಡಿದರು. "ಈಗ ನಾ ಬರೀಬೇಕು. ಬರದ ಮ್ಯಾಲ ನನ್ನ ಕೈಯಾಗ ಏನೂ ಇರೂದಿಲ್ಲ. ಈ ಹೆಣ್ಣುಮಗಳು ತಾನಾಗಿ ಮಾಡಿಲ್ಲ, ತಿಳೀದ ಮಾಡ್ಯಾಳ ಅಂತ ಹೇಳೋರು ಯಾರರ ಅದೀರೇನು?"

ನಾನು ಪಟ್ಟಿಯ ಹಾಳೆ ತಿರುವಿದೆ.

ಗಾಳೇಶ ಎದ್ದ. "ಮೇಡಂ, ನನ್ನ ತಕರಾರು ವಾಪಸ್ ತಗೊಂಡೆ ರೀ. ನಾ ತಪ್ಪು ತಿಳಕೊಂಡಿದ್ದೆ ಅಂತ ಬರ್ಕೊಳ್ರಿ. ಪಾಪ, ಬೆಳಿಗ್ಗಿಂದ ಕುಂತಾಳ. ನನಗ ಸಿಟ್ಟು ಬ್ಯಾರೇದವರ ಮ್ಯಾಲ ಇತ್ತು, ಆಕಿ ಮ್ಯಾಲ ತೀರಿಸ್ಕೊಂಡೆ."

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಆಕಿ ಮತ ಹಾಕಿಲ್ಲ. ತಕರಾರು ಮಾಡಿದವರು ಹಿಂದ ತಗೊಂಡ್ರು. ಕಾರ್ಡು ನಾ ಮೇಲೆ ಒಪ್ಪಿಸ್ತೀನಿ. ಆಕಿಗೆ ಮನಿಗೆ ಹೋಗಾಕ ಹೇಳ್ರಿ," ಎಂದರು. ಜೀಪು ಬಂದ ಹಾಗೆ ಹೋಯಿತು.

ಗುರುಬಸವ ನಲವತ್ತೊಂದು ಮತದಿಂದ ಗೆದ್ದ. ಅವಳ ಮತ ಬೇಕಾಗಿಯೇ ಇರಲಿಲ್ಲ. ಗುಲಾಲು ಎರಚಿದರು, ನನ್ನನ್ನು ಹೆಗಲ ಮೇಲೆ ಹೊತ್ತರು. ಮೆರವಣಿಗೆ ಹೊನ್ನೂರಪ್ಪನ ಮನೆ ಮುಂದೆ ಹಾಯುವಾಗ ಬಾಗಿಲು ಹಾಕಿತ್ತು.

ಮತದಾನದ ಮರುದಿನದಿಂದ ಮಜ್ಜಿಗೆ ಬರಲಿಲ್ಲ. ರೇಷನ್ನಿಗೆ ಯಂಕವ್ವ ಬರುತ್ತಿದ್ದಳು, ಚೀಲ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದಳು. "ಅಕ್ಕಿ ಎಷ್ಟ್ರಿ ಸಾವ್ಕಾರ್ರ? ಗೋದಿ ಬಂದೈತೇನ್ರಿ ಸಾವ್ಕಾರ್ರ?" ಅಷ್ಟೇ ಮಾತು. ಅಣ್ಣಾರ ಎನ್ನುವುದನ್ನು ಬಿಟ್ಟಿದ್ದಳು. ಬೇರೆ ಯಾರಿಗೂ ಅದು ಗೊತ್ತಾಗುತ್ತಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಹೊಸ ಹೆಸರು ಸೇರಿಸುವ ಅರ್ಜಿ ಕೊಡುತ್ತಿದ್ದಾರೆ ಎಂದು ಕೇಳಿ ಒಂದು ಬೆಳಿಗ್ಗೆ ಅವಳ ಮನೆಗೆ ಹೋದೆ. ಎಮ್ಮೆಯ ಕೆಳಗೆ ಕೂತು ಹಾಲು ಹಿಂಡುತ್ತಿದ್ದಳು.

"ಯಂಕವ್ವಾ, ನಿನ್ನ ಹೆಸರು ಪಟ್ಟಿಗೆ ಸೇರಸಬೇಕು. ಫಾರಂ ತಂದೀನಿ."

"ಗುರ್ತಿಲ್ಲದವರ ಮನಿಗೆ ಯಾಕ ಬಂದ್ರಿ?" ಅಂದಳು. ಹಿಂಡುವುದನ್ನು ನಿಲ್ಲಿಸಲಿಲ್ಲ.

ಹಾಲು ಮುಗಿಸಿ ಎದ್ದಳು. "ನನ್ನ ಕಡೆ ಕಾಗದ ಯಾವ್ದೈತ್ರಿ? ಇದ್ದದ್ದೆಲ್ಲಾ ಅಕ್ಕನ ಹೆಸರೀಲೆ ಐತಿ. ನಾ ಅದೀನಿ ಅನ್ನಾಕ ಏನ್ ತೋರಸ್ಲಿ?"

"ಊರಾಗಿನ ಹಿರೇರೊಬ್ರು ಬರದುಕೊಟ್ರ ನಡೀತೈತಿ. ನಾ ಬರದುಕೊಡ್ತೀನಿ."

ಅಲ್ಲೇ ಕಟ್ಟೆಯ ಮೇಲೆ ಕೂತು ಬರೆದೆ. ಯಂಕವ್ವ ಹೊನ್ನೂರಪ್ಪನ ಹೆಂಡತಿ, ಇದೇ ಊರಿನಲ್ಲಿ ಹದಿನೈದು ವರ್ಷದಿಂದ ಇದ್ದಾಳೆ, ಕಣ್ತಪ್ಪಿನಿಂದ ಅವಳ ಹೆಸರು ಬಿಟ್ಟುಹೋಗಿದೆ. ಹೆಬ್ಬೆಟ್ಟು ಒತ್ತು ಎಂದು ಶಾಯಿ ಡಬ್ಬಿ ತೆರೆದೆ.

"ಓದ್ರಿ," ಅಂದಳು.

ಓದಿದೆ.

"ಕಣ್ತಪ್ಪಿ ಬಿಟ್ಟಿದ್ದಲ್ರಿ ಅದು. ನಾ ಸಾಲಿ ಓದಿಲ್ಲ, ಆದ್ರ ಅದು ನನಗ ಗೊತ್ತೈತಿ. ಖರೆ ಏನೈತಿ ಅದನ್ನ ಬರೀರಿ. ಇಲ್ಲಂದ್ರ ಬ್ಯಾಡ. ಓಟು ಹಾಕ್ಲಿಲ್ಲಂದ್ರ ನಾ ಸಾಯಂಗಿಲ್ಲ. ಸಾಲಿ ಕಟ್ಟಿಮ್ಯಾಲ ಕುಂತು ಎಲ್ಲಾರ ಬಾಯಾಗ ಕಳ್ಳಿ ಆದ್ನಲ್ಲಾ, ಅದು ಹೋಗಬೇಕ್ರಿ."

ಇನ್ನೊಂದು ಹಾಳೆ ತೆಗೆದುಕೊಂಡೆ. ಸತ್ತ ಹಂಪವ್ವನ ಹೆಸರಿನಲ್ಲಿ ಯಂಕವ್ವನನ್ನು ಕೂರಿಸಿ ಫೋಟೊ ತೆಗೆಸಿದವನು ನಾನು. ಹಾಗೆ ಹೇಳು ಎಂದು ಹೇಳಿಕೊಟ್ಟವನು ನಾನು. ಇದರಲ್ಲಿ ಅವಳ ತಪ್ಪಿಲ್ಲ. ಓದಿ ಹೇಳಿದೆ. ಅವಳು ಪೂರ್ತಿ ಕೇಳಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒಳಗೆ ಹೋಗಿ ಒಂದು ಲೋಟ ಚಹಾ ತಂದಿಟ್ಟಳು. "ಕುಡೀರಿ ಅಣ್ಣಾರ," ಅಂದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ.

ಮೂರನೆಯ ದಿನ ಇಬ್ಬರೂ ತಾಲೂಕಿಗೆ ಹೋದೆವು. ಅವಳು ನನಗೂ ಸೇರಿಸಿ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ನಾನು ಬರೆದದ್ದನ್ನು ಬಾಂಡ್ ಪೇಪರಿನ ಮೇಲೆ ಟೈಪು ಮಾಡಿಸಬೇಕಿತ್ತು. ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಅರ್ಜಿ ಬರೆಯುವ ದೇವೇಂದ್ರಪ್ಪ ಕೂತಿದ್ದ. ನನಗೆ ಹಳೆಯ ಪರಿಚಯ. ಯಂಕವ್ವನನ್ನು ಆಚೆ ನೆರಳಿನಲ್ಲಿ ಕೂರಿಸಿ ಅವನ ಕೈಗೆ ಹಾಳೆ ಕೊಟ್ಟೆ. ಅವನು ಕನ್ನಡಕ ಏರಿಸಿ ಓದಿದ. ಓದಿ ಮತ್ತೆ ಮೊದಲಿನಿಂದ ಓದಿದ.

"ಸಾವ್ಕಾರ್ರ, ಎಂಥಾ ಶಾಣ್ಯಾ ಮನಶ್ಯಾ ನೀವು. ತಲಿ ಗಿಲಿ ಕೆಟ್ಟೈತೇನು? ಇದನ್ನ ಒಳಗ ಕೊಟ್ರ ನಾಳಿ ನಿಮ್ಮ ಅಂಗಡಿಗೆ ಬೀಗ. ನಿಮ್ಮನ್ನೂ ಒಳಗ ಕುಂದ್ರಸ್ತಾರ."

"ಆಕಿಗೆ ಮಾತು ಕೊಟ್ಟೀನಿ."

"ಆಕಿಗೆ ಬೇಕಾಗಿದ್ದು ಕಾರ್ಡು. 'ಕಣ್ತಪ್ಪಿನಿಂದ' ಅಂತ ಒಂದ ಮಾತು ಹಾಕ್ತೀನಿ, ಕಾರ್ಡು ಬರ್ತೈತಿ. ಒಳಗ ಇದನ್ನ ಯಾರೂ ಗಟ್ಟಿ ಓದೂದಿಲ್ಲ. ಆಕಿಗೆ ಓದಾಕ ಬರೂದಿಲ್ಲ. ಯಾರಿಗೆ ಲುಕ್ಸಾನು ಹೇಳ್ರಿ?"

ಯಂಕವ್ವ ದೂರದಲ್ಲಿ ಗಂಟು ಬಿಚ್ಚಿ ರೊಟ್ಟಿಯ ಮೇಲೆ ಚಟ್ನಿಪುಡಿ ಹಾಕುತ್ತಿದ್ದಳು. ಒಂದು ಪಾಲು ನನಗೆ ಎತ್ತಿಟ್ಟಳು.

"ಟೈಪ್ ಮಾಡು," ಎಂದೆ.

"ಹ್ಯಾಂಗ?"

"ನೀ ಅಂದಂಗ."

ಟೈಪು ಆಯಿತು. ನಾನು ಸಹಿ ಮಾಡಿದೆ. ಯಂಕವ್ವ ಬಂದು ಹೆಬ್ಬೆಟ್ಟು ಒತ್ತಿದಳು. ಈ ಸಲ ಓದಿ ಎಂದು ಕೇಳಲಿಲ್ಲ. ಮನೆಯಲ್ಲಿ ಓದಿ ಹೇಳಿದ್ದೆನಲ್ಲ. ಕೇಳಿದ್ದರೆ ಏನು ಓದುತ್ತಿದ್ದೆ ಎಂಬುದೂ ನನಗೆ ಗೊತ್ತು. ಕೈಯಲ್ಲಿ ಬರೆದ ಹಾಳೆಯನ್ನು ದೇವೇಂದ್ರಪ್ಪನೇ ಹರಿದು ತನ್ನ ಪೆಟ್ಟಿಗೆಯ ಕೆಳಗಿನ ಕಸಕ್ಕೆ ಹಾಕಿದ.

ಎರಡು ವರ್ಷ ಕಾಯಿಸಿ, ಎರಡು ಸಾವಿರದ ಹದಿಮೂರರ ಚುನಾವಣೆಗೆ ಮುಂಚೆ ಅವಳ ಕಾರ್ಡು ಬಂತು. ತಿಂಗಳ ಮೊದಲ ವಾರ, ಅಂಗಡಿಯ ಮುಂದೆ ಉದ್ದ ಸಾಲು. ಯಂಕವ್ವ ಸಾಲಿನ ಮುಂದೆ ಬಂದು ಕಾರ್ಡನ್ನು ಎಲ್ಲರಿಗೂ ತೋರಿಸಿದಳು. ಓದಲು ಬಂದವರು ಗಟ್ಟಿಯಾಗಿ ಓದಿದರು. ಯಂಕವ್ವ, ಗಂಡ ಹೊನ್ನೂರಪ್ಪ.

"ಮುದುಕಿ ಆಗಿದ್ದಿ, ಮತ್ತ ಏಳು ವರ್ಷ ಸಣ್ಣಾಕಿ ಆದ್ಯಲ್ಲೇ," ಎಂದು ಫಾತಿಮಾಬೀ ಅವಳ ಕೆನ್ನೆ ಹಿಂಡಿದಳು.

"ಇದು ಹ್ಯಾಂಗ ಬಂತು ಗೊತ್ತೇನವಾ?" ಎಂದು ಯಂಕವ್ವ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಅಣ್ಣಾರು ಸರಕಾರಕ್ಕ ಬರದುಕೊಟ್ಟಾರ. ತಪ್ಪು ನಂದು, ಆಕಿದಲ್ಲ ಅಂತ ಸಹಿ ಮಾಡಿ ಕೊಟ್ಟಾರ. ಅಂಗಡಿ ಹೋದ್ರ ಹೋಗ್ಲಿ ಅಂತ. ಯಾರ್ ಬರದುಕೊಡ್ತಾರವಾ ಈ ಕಾಲದಾಗ?"

ಸಾಲಿನಲ್ಲಿ ಒಂದು ಗುಜುಗುಜು ಎದ್ದಿತು. ಹೆಂಗಸರು ನನ್ನತ್ತ ನೋಡಿದರು. ಮತದಾನದ ಆ ದಿನದಿಂದ ನನ್ನೊಡನೆ ನೆಟ್ಟಗೆ ಮಾತಾಡದಿದ್ದ ಫಾತಿಮಾಬೀ, "ಹಂಗಾದ್ರ ನಾ ನಿಮ್ಮನ್ನ ಭಾಳ ಬೈದೀನ್ರಿ ಮನಸಿನ್ಯಾಗ. ಮಾಫ್ ಮಾಡ್ರಿ ಸಾವ್ಕಾರ್ರ," ಅಂದಳು. ಸಾಲಿನ ಕೊನೆಯಲ್ಲಿ ಸೀಮೆಎಣ್ಣೆಯ ಡಬ್ಬಿ ಹಿಡಿದು ನಿಂತಿದ್ದ ಗಾಳೇಶ ಮುಂದೆ ಬಂದ. ಅವನ ಮುಖದಲ್ಲಿ ಕುಚೋದ್ಯ ಇರಲಿಲ್ಲ. "ನಾ ಅವತ್ತು ತಕರಾರು ಅಷ್ಟ ಹಿಂದ ತಗೊಂಡಿದ್ದೆ. ಅದ್ರಾಗೇನೂ ಹೋಗಿದ್ದಿಲ್ಲ ನಂದು. ನೀವು ದೊಡ್ಡವರು ಬಿಡ್ರಿ," ಎಂದು ನನ್ನ ಕೈ ಹಿಡಿದ.

ಅದು ಹಾಗಲ್ಲ ಎನ್ನಲು ಅಲ್ಲಿ ಮೂವತ್ತು ಜನರೂ ಇದ್ದರು, ಹೊತ್ತೂ ಇತ್ತು. ಗಾಳೇಶ ಕೈ ಬಿಟ್ಟ ಮೇಲೆ ನಾನು ತಕ್ಕಡಿಯ ಕಡೆ ತಿರುಗಿದೆ. ಯಂಕವ್ವನ ಚೀಲಕ್ಕೆ ಅಕ್ಕಿ ಸುರಿಯುತ್ತ ಮುಂದಿನವರನ್ನು ಕರೆದೆ.